ಮೂರನೇ ಗುಂಡಿ

ಕನ್ನಡಕ ಜಾರುತ್ತಿದೆ, ನಡುವಿನ ತೀರ್ಪುಗಾರರದು, ಮತ್ತೆ ಜಾರಿತು, ಮತ್ತೆ ಬೆರಳಲ್ಲಿ ಮೇಲೆ ತಳ್ಳಿಕೊಂಡರು, ಮೂಗಿನ ಮೇಲೆ ಕೂರುವ ಎರಡು ಪುಟ್ಟ ಮೆತ್ತೆಗಳಲ್ಲಿ ಎಡಗಡೆಯದು ಬಿದ್ದುಹೋಗಿರಬೇಕು, ಇಷ್ಟು ದೂರದಿಂದಲೇ ಗೊತ್ತಾಗುತ್ತದೆ, ಅಂಗಡಿಗೆ ಬಂದಿದ್ದರೆ ಕೂತು ಏಳುವಷ್ಟರಲ್ಲಿ ಹಾಕಿಕೊಡುತ್ತಿದ್ದಳು — ಆದರೆ ಇದನ್ನೆಲ್ಲ ಈಗ ಯಾಕೆ ನೋಡಬೇಕು, ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಜನರ ಮೂಗು ಕಿವಿ ಅಳೆದದ್ದು ಸಾಲದೆ, ಪರದೆಯ ಮಡಿಕೆಯಿಂದ ಒಂದು ಕಣ್ಣು ಹೊರಗಿಟ್ಟು ನಿಂತಿದ್ದಾಳೆ, ಒಳಗೆ ಸಿಟ್ಟು, ತಲೆ ಮಾತ್ರ ಬಿದ್ದುಹೋದ ಮೆತ್ತೆ ಹುಡುಕುತ್ತಿದೆ. ವೇದಿಕೆಯ ಮೇಲೆ ಉದ್ದನೆಯ ಹುಡುಗನೊಬ್ಬ ರಾಜನಾಗಿ ಸಾಯುತ್ತಿದ್ದಾನೆ, ಅವನು ಸತ್ತ ಮೇಲೆ ಅವಳ ಸರದಿ, ಅವನಿಗೋ ಸಾಯುವ ಅವಸರವಿಲ್ಲ, ಬೀಳುತ್ತಾನೆ, ಹಲಗೆಯಿಂದ ಧೂಳು ಏಳುತ್ತದೆ, ಸಭೆ ಇನ್ನು ಮುಗಿಯಿತೆಂದು ಚಪ್ಪಾಳೆಗೆ ಕೈ ಎತ್ತುತ್ತದೆ, ಅಷ್ಟರಲ್ಲಿ ಮೊಣಕೈ ಊರಿ ಎದ್ದು ರಾಜ್ಯದ ಬಗ್ಗೆ ಇನ್ನೊಂದು ಮಾತು ಶುರು ಮಾಡುತ್ತಾನೆ, ಎತ್ತಿದ ಕೈಗಳು ಪೆಚ್ಚಾಗಿ ಇಳಿಯುತ್ತವೆ, ಎತ್ತಿದ ಕೈ, ಎತ್ತಿದ ಕೈಯನ್ನು ಏನು ಮಾಡುವುದು — ಬೇಡ, ಅದು ಈಗ ಬೇಡ. ಮೊದಲ ಸಾಲಿನಲ್ಲಿ, ನಡುದಾರಿಯ ಪಕ್ಕದ ಕುರ್ಚಿಯಲ್ಲಿ, ಅಪ್ಪ. ಇಸ್ತ್ರಿ ಮಾಡಿದ ಬಿಳಿ ಅಂಗಿ, ನುಣ್ಣಗೆ ಬಾಚಿದ ತಲೆ, ಪಕ್ಕದಲ್ಲಿ ಕೂತ ಗುರುತು ಪರಿಚಯವಿಲ್ಲದ ಮನುಷ್ಯನ ಕಡೆ ಬಾಗಿ ಏನೋ ಹೇಳುತ್ತಿದ್ದಾರೆ, ಏನೋ ಅಂದರೆ ಏನು, ಇಲ್ಲಿಗೆ ಕೇಳಿಸಬೇಕಾಗಿಲ್ಲ, ಅದೂ ಒಂದು ಬಾಯಿಪಾಠವೇ, ಮನೆಗೆ ಬಂದವರು, ಬಸ್ಸಿನಲ್ಲಿ ಸಿಕ್ಕಿದವರು, ಕ್ಷೌರದಂಗಡಿಯಲ್ಲಿ ಕತ್ತು ಬಗ್ಗಿಸಿ ಕೂತವರು ಎಲ್ಲರೂ ಕೇಳಿದ್ದಾರೆ, ನನ್ನ ದೊಡ್ಡ ಮಗಳು ಇದೇ ಹಾಲ್‌ನಲ್ಲಿ ಮಾಡಿದ್ದು ಸಾರ್, ಆ ಮೌನ ಇದೆಯಲ್ಲ, ಅದು ನಾಟಕದಲ್ಲೇ ಇಲ್ಲ, ಅವಳು ಕಂಡುಹಿಡಿದಿದ್ದು, ಅವತ್ತಿಂದ ಪ್ರತಿ ವರ್ಷ ಎಲ್ರೂ ಹಾಗೇ ಮಾಡ್ತಾರೆ, ನೋಡ್ತಾ ಇರಿ, ಕೋಟಿನ ಗುಂಡಿ ಬೀಳುತ್ತೆ — ಹೆಬ್ಬೆರಳನ್ನೂ ತೋರುಬೆರಳನ್ನೂ ಕೂಡಿಸಿ ಬಿಡುತ್ತಿದ್ದಾರೆ, ಟಕ್ ಅಂತ, ಇಲ್ಲಿಂದಲೇ ಕಾಣುತ್ತದೆ, ಆ ಮನುಷ್ಯ ತಲೆದೂಗುತ್ತಾನೆ, ಯಾರೂ ಒಮ್ಮೆಯೂ ಕೇಳುವುದಿಲ್ಲ, ಅವತ್ತು ನೀವು ಎಲ್ಲಿ ನಿಂತಿದ್ದಿರಿ ಸ್ವಾಮಿ ಎಂದು.

ಕೋಟು ಬಿಸಿಯಾಗಿದೆ, ಭುಜದಲ್ಲಿ ನುಸಿಗುಳಿಗೆಯ ವಾಸನೆ, ಸಂಜೆ ಕಾಲೇಜಿನ ನಾಟಕದ ಪೆಟ್ಟಿಗೆಯಲ್ಲಿ ವರ್ಷವಿಡೀ ಮಲಗಿ ಈ ಒಂದು ದಿನ ಏಳುವ ಖಾಕಿ ಕೋಟು, ಗೇಟ್‌ಮನ್ನನ ಕೋಟು, ನಾಟಕದಲ್ಲಿ ಅದನ್ನು ಅವನ ಹೆಂಡತಿ ಹಾಕಿಕೊಂಡು ವಿಚಾರಣೆಯ ಸಾಹೇಬರ ಮುಂದೆ ನಿಂತು ಮಾತಾಡುತ್ತಾಳೆ, ರೈಲು ಗೇಟಿನಲ್ಲಿ ಅಪಘಾತವಾಗಿದೆ, ಗಂಡ ಆಸ್ಪತ್ರೆಯಲ್ಲಿ ಮಲಗಿದ್ದಾನೆ, ಗೇಟು ತೆಗೆದವರು ಯಾರು ಎಂದು ಸಾಹೇಬರು ಕೇಳುತ್ತಾರೆ, ಕಾಲೇಜಿನವರು ವರ್ಷ ವರ್ಷ ಇದೇ ಭಾಗ ಆಡುತ್ತಾರೆ, ಬರೆದವರ ಹೆಸರಿದ್ದ ಮೊದಲ ಹಾಳೆ ಎಂದೋ ಹರಿದುಹೋಗಿದೆ, ಮಾತು ಮಾತ್ರ ಬಾಯಿಂದ ಬಾಯಿಗೆ ಬಂದಿದೆ, ಮಾತಿನ ಜೊತೆ ಕೆಮ್ಮು ಬಂದಿದೆ, ಸೆರಗಲ್ಲಿ ಮೂಗು ಒರೆಸುವುದು ಬಂದಿದೆ, ಯಾವ ಜಾಗದಲ್ಲಿ ಮಂಡಿಯೂರಬೇಕು ಎನ್ನುವುದು ಬಂದಿದೆ, ಅಕ್ಕನ ಮೌನವೂ ಬಂದಿದೆ. ನಾಲ್ಕು ಎಣಿಸುವಷ್ಟು ಮೌನ. ಹುಡುಗಿಯರು ನಾಟಕ ಕಲಿಸುವ ಮೇಷ್ಟ್ರಿಗೆ ಬೆನ್ನ ಹಿಂದೆ ನಾಲ್ಕೆಣಿಕೆ ಮೇಷ್ಟ್ರು ಎಂದೇ ಹೆಸರಿಟ್ಟಿದ್ದಾರೆ, ಅವರು ಹೇಳಿಕೊಡುವುದೇ ಹಾಗೆ, ತೆಗೆದವರು — ಒಂದು, ಕೈ ಮುಖದ ಕಡೆ ಹೋಗ್ಲಿ, ಎರಡು, ಅಲ್ಲಿ ತಡೆಯಮ್ಮ, ಮೂರು, ಇಳಿಸು, ಗುಂಡಿ ಹಿಡಿ, ನಾಲ್ಕು, ತಿರುಗಿಸು, ಬಿತ್ತಾ, ಬಿದ್ದ ಮೇಲೆ ಹೇಳು, ತೆಗೆದವರು ನನ್ನ ಗಂಡ. ಸ್ಪರ್ಧೆಯ ಬೆಳಿಗ್ಗೆ ಮೂರನೇ ಗುಂಡಿಯನ್ನು ಒಂದೇ ಎಳೆ ದಾರದಲ್ಲಿ ಹಾಕಿಡುವುದು ಪದ್ಧತಿ, ತಿರುಗಿಸಿದರೆ ಸಾಕು ಕಿತ್ತು ಹಲಗೆಯ ಮೇಲೆ ಬಿದ್ದು ಉರುಳಬೇಕು, ಒಂದು ವರ್ಷ ದಾರ ತೀರ ಸಣ್ಣದಾಗಿ ಒಬ್ಬಳು ನಮಸ್ಕಾರ ಮಾಡುವಾಗಲೇ ಗುಂಡಿ ಬಿದ್ದುಹೋಯಿತಂತೆ, ಪಾಪ, ಆಮೇಲೆ ಇಲ್ಲದ ಗುಂಡಿಯನ್ನೇ ತಿರುಗಿಸಿದಳಂತೆ, ಮೇಷ್ಟ್ರು ಅದನ್ನು ಇವತ್ತಿಗೂ ಸಾವಿನ ಸುದ್ದಿ ಹೇಳುವ ದನಿಯಲ್ಲಿ ಹೇಳುತ್ತಾರೆ. ನಗು ಬರಬೇಕು, ಮೊದಲೆಲ್ಲ ಬರುತ್ತಿತ್ತು. ಈಗ ಅವಳ ಬೆರಳು ಮೂರನೇ ಗುಂಡಿಯ ಮೇಲಿದೆ, ಇದು ಪೆಟ್ಟಿಗೆಯಲ್ಲಿದ್ದ ಗುಂಡಿಯಲ್ಲ, ಅದು ಕಪ್ಪು, ದೊಡ್ಡದು, ಇದು ಕಂದು, ಅಂಚಿನಲ್ಲಿ ಚೂರು ಚಕ್ಕೆ ಎದ್ದದ್ದು, ಅಕ್ಕನ ಕೈಯಲ್ಲಿ ಅವತ್ತು ಕಿತ್ತುಬಂದ ಗುಂಡಿ, ಇಷ್ಟು ವರ್ಷ ಮನೆಯ ಗಾಜಿನ ಬೀರುವಿನಲ್ಲಿ ಅಕ್ಕನಿಗೆ ಬಹುಮಾನ ಬಂದ ಬಟ್ಟಲಿನ ಪಕ್ಕ ಹತ್ತಿಯ ಮೇಲೆ ಕೂತಿದ್ದ ಗುಂಡಿ, ಅಪ್ಪ ಬಂದವರಿಗೆ ಬೀರು ತೆಗೆದು ತೋರಿಸುವ ಗುಂಡಿ, ಇವತ್ತು ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ತೆಗೆದುಕೊಂಡಳು, ಕದ್ದಳು ಅನ್ನಬೇಕೇ, ಯಾರದನ್ನು ಯಾರು ಕದ್ದದ್ದು, ಅಂಗಡಿಯಿಂದ ತಂದ, ಕನ್ನಡಕದ ಚೌಕಟ್ಟಿಗೆ ಗಾಜು ಕಟ್ಟುವ ಬಿಗಿ ನೈಲಾನ್ ದಾರ ಎಂಟು ಸಲ ಹಾಯಿಸಿ ಗಂಟು ಹಾಕಿದ್ದಾಳೆ, ಹಲ್ಲಲ್ಲಿ ಕಚ್ಚಿ ಎಳೆದರೂ ಬರುವುದಿಲ್ಲ, ಕೋಟು ಹರಿಯಬೇಕು.

ರಾಜ ಮತ್ತೆ ಎದ್ದ. ಅಪ್ಪ ಗಡಿಯಾರ ನೋಡಿಕೊಂಡರು, ಅವರಿಗೆ ಎಲ್ಲವೂ ಸಮಯಕ್ಕೆ ಆಗಬೇಕು, ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವ ಇನ್ಸ್‌ಪೆಕ್ಟರ್, ನಡುದಾರಿಯಲ್ಲಿ ಎಲ್ಲಿಂದಲೋ ಬಂದು ಹತ್ತುತ್ತಾರೆ, ಮಾತೇ ಆಡಬೇಕಾಗಿಲ್ಲ, ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಬಸ್ಸಿಗೆ ಬಸ್ಸೇ ಸುಮ್ಮನಾಗುತ್ತದೆ, ಎಲ್ಲರ ಕೈಯೂ ಜೇಬಿಗೆ ಹೋಗುತ್ತದೆ, ಟಿಕೆಟ್ ಇದ್ದವರದೂ, ಚಿಕ್ಕವಳಿದ್ದಾಗ ಅವರ ಜೊತೆ ಒಮ್ಮೆ ಹೋಗಿ ಅದನ್ನು ನೋಡಿದ್ದಾಳೆ, ಹೆಮ್ಮೆಯಾಗಿತ್ತು, ಟಿಕೆಟ್ ಇಲ್ಲದವನ ಕಣ್ಣು ಎಲ್ಲಿ ಹೋಗುತ್ತೆ ಅಂತ ನೋಡ್ಬೇಕು ಮಗಳೇ, ಅವನನ್ನ ನೋಡ್ಬಾರದು, ಅವನ ಕಣ್ಣು ಏನನ್ನ ನೋಡುತ್ತೆ ಅದನ್ನ ನೋಡ್ಬೇಕು ಎಂದು ಹೇಳಿಕೊಟ್ಟಿದ್ದರು. ಬಾಗಿಲಲ್ಲಿ ಅಪ್ಪ ಕಾಣಿಸಿದರೆ ಬಸ್ಸಿನಲ್ಲಿ ಕೈ ಜೇಬಿಗೆ ಹೋಗುತ್ತದೆ, ಮನೆಯಲ್ಲಿ ಮುಖಕ್ಕೆ. ಅಕ್ಕನದು. ತನ್ನದಲ್ಲ, ತನಗೆ ಎಂದೂ ಹೊಡೆದಿಲ್ಲ, ಅಕ್ಕನ ಮೇಲೇ ಕೈ ಸವೆದುಹೋಗಿತ್ತೋ ಏನೋ, ಅಮ್ಮನ ಪ್ರಕಾರ ವಯಸ್ಸಾಯಿತು, ಮೆತ್ತಗಾದರು, ಹೌದು, ಮೆತ್ತಗಾದರು, ಅವಳು ನಾಟಕದ ಅಭ್ಯಾಸ ಮುಗಿಸಿ ಬರುವಾಗ ಬಸ್ ನಿಲ್ದಾಣದಲ್ಲಿ ಕಾದು ನಿಂತಿರುತ್ತಾರೆ, ಗಂಟಲಿಗೆ ಒಳ್ಳೆಯದು ಎಂದು ಬಿಸಿನೀರಿನ ಫ್ಲಾಸ್ಕ್ ತರುತ್ತಾರೆ, ಮುಚ್ಚಳದಲ್ಲಿ ಬಗ್ಗಿಸಿ ಊದಿ ಕೊಡುತ್ತಾರೆ, ಆ ನೀರನ್ನು ಕುಡಿದಿದ್ದಾಳೆ, ಆರು ತಿಂಗಳು ಕುಡಿದಿದ್ದಾಳೆ, ಹಾಗಾದರೆ ಈಗ ಈ ಸಿಟ್ಟು ಯಾವ ಬಾಯಲ್ಲಿ — ಇಲ್ಲ, ಹಾಗಲ್ಲ, ಊದಿ ಕೊಟ್ಟ ನೀರಿಗೆ ಅಕ್ಕ ಏನು ಮಾಡಬೇಕು, ಅಕ್ಕನಿಗೆ ಯಾರು ಊದಿ ಕೊಟ್ಟರು.

ಅಕ್ಕ ಲೆಕ್ಕದ ಟ್ಯೂಷನ್ ಇದೆ ಎಂದು ಹೇಳಿ ಅಭ್ಯಾಸಕ್ಕೆ ಹೋಗುತ್ತಿದ್ದಳು, ಮನೆಯ ಹೆಣ್ಣುಮಕ್ಕಳು ಬಣ್ಣ ಹಚ್ಚಿ ಜನರ ಮುಂದೆ ನಿಲ್ಲುವುದೆಂದರೆ ಅಪ್ಪನಿಗೆ ಆಗುತ್ತಿರಲಿಲ್ಲ, ಸ್ಪರ್ಧೆಯ ದಿನ ಡಿಪೋದ ಡ್ರೈವರ್ ಒಬ್ಬ ನಗುತ್ತಾ ಹೇಳಿದನಂತೆ, ಏನ್ ಸಾರ್, ನಿಮ್ ಮಗಳ ಹೆಸರು ಗೋಡೆ ಮೇಲೆಲ್ಲ ಅಂಟಿಸಿದಾರೆ, ಅಪ್ಪ ಕೆಲಸದ ಉಡುಪಿನಲ್ಲೇ ಬಂದರು, ಹಾಲ್‌ನ ಬಾಗಿಲಲ್ಲಿ ನಿಂತರು, ವೇದಿಕೆಯ ಮೇಲೆ ಅಕ್ಕ ಆಗತಾನೇ ತೆಗೆದವರು ಎಂದಿದ್ದಳು. ಮುಂದಿನದು ಎಲ್ಲರಿಗೂ ಗೊತ್ತು, ಅಂದರೆ ಯಾರಿಗೂ ಗೊತ್ತಿಲ್ಲ, ಸಭೆ ಉಸಿರು ಬಿಗಿಹಿಡಿಯಿತು, ಗುಂಡಿ ಉರುಳಿತು, ಎಂಥ ಮೌನ, ಗಂಡನ ಹೆಸರು ಹೇಳುವ ಮುಂಚೆ ಹೆಂಡತಿಯ ಒದ್ದಾಟ, ಎಂಥ ಒಳನೋಟ, ಮೊದಲ ಬಹುಮಾನ, ಎಳೆದುಕೊಂಡು ಹೋಗಲು ಬಂದ ಅಪ್ಪನ ಕೈ ಹಿಡಿದು ಪ್ರಿನ್ಸಿಪಾಲರು ಕುಲುಕಿದರು, ನೀವೇನಾ ತಂದೆ, ಬನ್ನಿ ಬನ್ನಿ, ಮೇಲೆ ಹತ್ತಿಸಿದರು, ಫೋಟೊ ತೆಗೆಸಿದರು, ಆ ಫೋಟೊ ಬೀರುವಿನ ಮೇಲಿದೆ, ಅಪ್ಪ ಅಕ್ಕನ ಭುಜದ ಮೇಲೆ ಕೈಯಿಟ್ಟಿದ್ದಾರೆ, ಅಕ್ಕನ ಆ ಕಡೆಯ ಭುಜ ಈ ಕಡೆಯದಕ್ಕಿಂತ ತಗ್ಗಿದೆ, ಯಾರಾದರೂ ನೋಡಿದ್ದಾರಾ, ಒಬ್ಬರ ಎರಡು ಕಿವಿಗಳ ಎತ್ತರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಹಿಡಿಯುವುದು ಅವಳ ಹೊಟ್ಟೆಪಾಡು, ಅದಕ್ಕೇ ಕಂಡಿತೇನೋ, ಇಲ್ಲ, ನೋಡಬೇಕೆಂದರೆ ಯಾರಿಗಾದರೂ ಕಾಣುತ್ತದೆ. ಇಳಿಯುವಾಗ ಅಪ್ಪ ಬಗ್ಗಿ ಗುಂಡಿ ಹೆಕ್ಕಿ ಜೇಬಿಗೆ ಹಾಕಿಕೊಂಡರು. ಆ ವಾರವೇ ಅಕ್ಕನ ಕಾಲೇಜು ಬಿಡಿಸಿದರು, ಬಹುಮಾನ ಬಂತಲ್ಲ, ಸಾಕು, ಇನ್ನೇನು ಬೇಕು. ಬಟ್ಟಲು ಇಟ್ಟುಕೊಂಡರು, ಗುಂಡಿ ಇಟ್ಟುಕೊಂಡರು, ಫೋಟೊ ಇಟ್ಟುಕೊಂಡರು, ಅಕ್ಕನನ್ನು ಔಷಧಿ ಪ್ಯಾಕ್ ಮಾಡುವ ಕಾರ್ಖಾನೆಗೆ ಸೇರಿಸಿದರು, ಆರು ವರ್ಷದಿಂದ ಅಲ್ಲೇ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಶೀಶೆಗೆ ಚೀಟಿ ಅಂಟಿಸುತ್ತಾಳೆ, ಅಲ್ಲಿ ಮಾತಾಡುವ ಹಾಗಿಲ್ಲ, ಮದುವೆಯಾಗಿ ಬೇರೆ ಮನೆಗೆ ಹೋದ ಮೇಲೂ ಅದೇ ಕೆಲಸ, ದನಿ ಸಣ್ಣದಾಗಿದೆ, ಫೋನಿನಲ್ಲಿ ಎರಡು ಸಲ ಕೇಳಬೇಕು, ಏನಕ್ಕ, ಏನಂದೆ.

ಒಂದು ದಿನ ತಾರಸಿಯಲ್ಲಿ ಒಣಗಿದ ಹೊದಿಕೆ ಮಡಚುತ್ತಿದ್ದರು, ಆ ತುದಿ ಅಕ್ಕ, ಈ ತುದಿ ಅವಳು, ಅಕ್ಕ ಕಾಲೇಜು ಬಿಟ್ಟ ಹೊಸತು, ಅವಳಿನ್ನೂ ಎರಡು ಜಡೆಯ ಹುಡುಗಿ, ಅಕ್ಕ ಅಕ್ಕ, ಆ ಮೌನ ಹೇಗೆ ಕಂಡುಹಿಡಿದೆ, ನನಗೂ ಹೇಳ್ಕೊಡು ಎಂದು ಪೀಡಿಸಿದಳು, ಅಕ್ಕ ಹೊದಿಕೆ ಝಾಡಿಸಿದಳು, ನಾನೆಲ್ಲಿ ಕಂಡುಹಿಡಿದೆ, ಮಾತು ಬಾಯಲ್ಲೇ ಇತ್ತು ಕಣೇ, ಅಪ್ಪ ಬಾಗಿಲಲ್ಲಿ ನಿಂತಿದ್ರು, ಹೊಡೆದೇಬಿಡ್ತಾರೆ ಅನ್ನಿಸ್ತು, ಅಷ್ಟು ದೂರದಿಂದ ಹೇಗೆ ಹೊಡೀತಾರೆ ಹೇಳು, ಆದ್ರೂ ಕೈ ಎದ್ದುಬಿಡ್ತು, ಅಡುಗೆಮನೇಲಿ ಏಳುತ್ತಲ್ಲ ಹಾಗೆ, ಆಮೇಲೆ ಜನ ನೋಡ್ತಿದಾರೆ ಅಂತ ನೆನಪಾಯ್ತು, ಎತ್ತಿದ ಕೈ ಏನ್ ಮಾಡ್ಲಿ, ಗುಂಡಿ ಹಿಡ್ಕೊಂಡೆ — ಹೇಳಿ ನಕ್ಕಳು, ಇವಳೂ ನಕ್ಕಳು, ಹೊದಿಕೆಯ ತುದಿಗಳನ್ನು ಸೇರಿಸಲು ಹತ್ತಿರ ಬಂದಾಗ ಅಕ್ಕ ತೋರಿಸಿದಳು, ಹೀಗೆ, ಮುಖದ ಮುಂದೆ, ಅಂಗೈ ಹೊರಗೆ, ಬೆರಳು ಬಿಡಿ ಬಿಡಿಯಾಗಿ, ಸಂದಿಯಿಂದ ಒಂದು ಕಣ್ಣು. ಆ ಕಣ್ಣು ನಗುತ್ತಿರಲಿಲ್ಲ. ಅದು ಅರ್ಥವಾಗಲು ಇಷ್ಟು ವರ್ಷ ಬೇಕಾಯಿತಲ್ಲ, ದಡ್ಡಿ, ಅಂಗಡಿಯಲ್ಲಿ ದಿನವೂ ಜನರ ಕಣ್ಣನ್ನೇ ನೋಡಿ ಕೂಲಿ ತಗೊಳ್ಳುವವಳು.

ಮೇಷ್ಟ್ರು ಈ ಸಲ ಅವಳನ್ನು ಆರಿಸಿದಾಗ ಅಪ್ಪನ ಕಣ್ಣಲ್ಲಿ ನೀರು, ನಮ್ಮನೆಯ ಆಸ್ತಿ ಮತ್ತೆ ನಮ್ಮನೆಗೇ ಬಂತು ಎಂದರು, ಅವಳಿಗೂ ಆಸೆ, ಸುಳ್ಳು ಯಾಕೆ, ಬೆಳಕಿನಲ್ಲಿ ನಿಲ್ಲುವ ಆಸೆ, ಒಂದು ಸಲವಾದರೂ ಜನ ತನ್ನ ಕಡೆ ಕಣ್ಣಿನ ಪವರ್ ಬರೆಸಲು ಅಲ್ಲದೆ ಸುಮ್ಮನೆ ನೋಡಲಿ ಎಂಬ ಆಸೆ, ಮೊದಲ ಅಭ್ಯಾಸದ ದಿನ ಮೇಷ್ಟ್ರು ಆ ಜಾಗಕ್ಕೆ ಬಂದು ತಾವೇ ಎದ್ದು ಮಾಡಿ ತೋರಿಸಿದರು, ಕೈ ಎತ್ತಿದರು, ಇಳಿಸಿದರು, ಅವಳಿಗೆ ಥಟ್ಟನೆ ನೆನಪಾಯಿತು, ತಾರಸಿ, ಹೊದಿಕೆ, ಅಂಗೈ, ಅದೇ ಕೈ, ಮೇಷ್ಟ್ರ ಮುಖದ ಮುಂದೆ, ಗಡಿಯಾರ ಕಟ್ಟಿದ ಕೈ, ಆದರೆ ಬೇರೆ ಥರ ಇತ್ತು, ಅಂಗೈ ಒಳಗಡೆಗಿತ್ತು, ಬೆರಳುಗಳು ಕೂಡಿದ್ದವು, ಸುಂದರವಾಗಿತ್ತು, ಸಾರ್ ಅಕ್ಕ ಅಂಗೈ ಹೊರಗೆ ಮಾಡಿದ್ಲು ಎಂದಳು, ಅಷ್ಟೇ ಅವಳಿಂದ ಆದದ್ದು, ಮೇಷ್ಟ್ರು ಮೆಚ್ಚಿಕೊಂಡರು, ಪರವಾಗಿಲ್ವೇ, ಚೆನ್ನಾಗಿ ಗಮನಿಸಿದೀಯ, ಹೌದಮ್ಮ, ಅದೊಂದು ಸಣ್ಣ ತಪ್ಪು ಮಾಡಿದ್ಲು ನಿಮ್ಮಕ್ಕ, ಅಂಗೈ ಹೊರಗಿದ್ರೆ ಯಾರೋ ಹೊಡೆಯೋಕೆ ಬಂದ ಹಾಗೆ ಕಾಣುತ್ತೆ, ಅದಕ್ಕೆ ಆಮೇಲೆ ನಾವು ತಿದ್ದಿದ್ವಿ. ತಿದ್ದಿದರು. ಪ್ರತಿ ವರ್ಷ ಒಬ್ಬೊಬ್ಬಳಿಗೆ ಕಲಿಸಿದರು, ಒಂದು ವರ್ಷ ಒಬ್ಬ ಹುಡುಗನಿಗೂ ಸೀರೆ ಉಡಿಸಿ ಕಲಿಸಿದರು, ಎಡಗೈಯವಳೊಬ್ಬಳು ಎಡಗೈ ಎತ್ತಿದ್ದಕ್ಕೆ ಬೈದು ಬಲಗೈ ಎತ್ತಿಸಿದರು, ಅಡುಗೆಮನೆಯ ಮೂಲೆಯಲ್ಲಿ ಅಕ್ಕನ ಕೈ ಎಷ್ಟು ಸಲ ಎದ್ದಿತ್ತೋ ಅದರ ಹತ್ತುಪಟ್ಟು ಸಲ ಕಾಲೇಜಿನ ಕೋಣೆಯಲ್ಲಿ ಯಾರ್ಯಾರದೋ ಕೈಗಳು ಎದ್ದಿವೆ, ಇಳಿದಿವೆ, ಜನ ಕಣ್ಣೊರೆಸಿಕೊಂಡಿದ್ದಾರೆ, ಮೇಷ್ಟ್ರು ಕೆಟ್ಟವರೇ, ಅಲ್ಲ, ಅದೇ ಇನ್ನೂ ರೇಗುವುದು, ಒಳ್ಳೆಯವರು, ತಮ್ಮ ಊಟದ ಡಬ್ಬಿ ಬಿಚ್ಚಿ ಹಸಿದವರಿಗೆ ಕೊಡುವವರು, ಕೆಟ್ಟವರಾಗಿದ್ದರೆ ಮುಖಕ್ಕೆ ಹೇಳಿಬಿಡಬಹುದಿತ್ತು, ಹೇಳಲಿಲ್ಲ, ಕೈ ಎತ್ತಿದಳು, ಅಂಗೈ ಒಳಗೆ ಮಾಡಿದಳು, ಆರು ತಿಂಗಳು ಮಾಡಿದಳು, ಈಗ ಕೈ ತಾನಾಗಿ ಏಳುತ್ತದೆ, ಅಂಗಡಿಯಲ್ಲಿ ಯಾರಾದರೂ ತೆಗೆದವರು ಯಾರು ಈ ಚೌಕಟ್ಟನ್ನು ಎಂದು ಕೇಳಿದರೂ ಬೆರಳು ಇಲ್ಲದ ಗುಂಡಿ ಹುಡುಕುತ್ತದೆ.

ಅಕ್ಕ ಬರುವುದಿಲ್ಲವೆಂದು ಅವಳು ಅಂದುಕೊಂಡಿದ್ದಳು. ಆರು ವರ್ಷದಲ್ಲಿ ಈ ಹಾಲ್‌ನ ಬೀದಿಗೂ ಕಾಲಿಟ್ಟಿಲ್ಲ, ಇಲ್ಲಿ ವರ್ಷ ವರ್ಷ ಏನು ನಡೆಯುತ್ತದೆಂದು ಗೊತ್ತಿಲ್ಲ, ಅಪ್ಪ ಅಕ್ಕನೆದುರು ಆ ಮಾತೆತ್ತುವುದಿಲ್ಲ, ಯಾಕೆ ಎತ್ತುವುದಿಲ್ಲ, ಬಸ್ಸಿನಲ್ಲಿ ಅಪರಿಚಿತರಿಗೆ ಹೇಳುವವರು, ಅಂದರೆ ಅವರಿಗೆ ಗೊತ್ತಿದೆ, ಎಲ್ಲೋ ಒಳಗೆ ಗೊತ್ತಿದೆ, ಇಲ್ಲವೇ ಗೊತ್ತೇ ಇಲ್ಲವೋ, ಆ ಕಡೆಗೊಮ್ಮೆ ಈ ಕಡೆಗೊಮ್ಮೆ ವಾಲಿ ತಲೆ ನೋಯುತ್ತದೆ. ಹೋದ ವಾರ ಅಕ್ಕ ತಾನಾಗಿ ಫೋನ್ ಮಾಡಿದಳು, ನೀನು ಮಾಡ್ತಿದೀಯಂತೆ, ಅರ್ಧ ದಿನ ರಜೆ ಕೇಳಿದೀನಿ, ಯಾವುದು ಮಾಡ್ತೀಯ, ಅವಳ ಬಾಯಿಂದ ಹೊಸದು ಅಕ್ಕ, ಹೊಸ ನಾಟಕ ಎಂದು ಬಂದುಬಿಟ್ಟಿತು, ಅಕ್ಕ ಆ ಸಣ್ಣ ದನಿಯಲ್ಲಿ ಅಂದಳು, ಒಳ್ಳೇದಾಯ್ತು, ಆ ಗೇಟಿನದಾಗಿದ್ರೆ ನಾನು ನೋಡ್ತಿರ್ಲಿಲ್ಲ. ಅಮ್ಮನಿಗೆ ಹೇಳಿದರೆ ಅಮ್ಮ ಪಾತ್ರೆ ತೊಳೆಯುತ್ತಾ ತಿರುಗದೆಯೇ ಹೇಳಿದಳು, ಯಾವುದೋ ಕಾಲದ್ದು ಬಿಡೇ, ಅಪ್ಪನಿಗೆ ಖುಷಿಯಾಗುತ್ತೆ, ನಾಲ್ಕು ನಿಮಿಷದ ಕೆಲಸ, ಮಾಡಿ ಬಂದುಬಿಡು. ಮಾಡಿ ಬಂದುಬಿಡು. ಈ ಮನೆಯಲ್ಲಿ ಎಲ್ಲರೂ ಮಾಡಿ ಬಂದುಬಿಟ್ಟವರೇ. ಅದಾದ ಮೇಲೆ ವಾರವಿಡೀ ಗಾಜು ಸಾಣೆ ಹಿಡಿಯುವ ಯಂತ್ರದ ಗದ್ದಲದಲ್ಲಿ ಯಜಮಾನರಿಗೆ ಕೇಳಿಸದ ಹಾಗೆ ಹೇಳಿ ಹೇಳಿ ಗಟ್ಟಿ ಮಾಡಿಕೊಂಡಿದ್ದಾಳೆ, ತೆಗೆದವರು ನನ್ನ ಗಂಡ, ಒಂದೇ ಉಸಿರಿನಲ್ಲಿ, ನಡುವೆ ಜಾಗವೇ ಬಿಡದೆ, ಕೈ ಎತ್ತುವುದಿಲ್ಲ, ಗುಂಡಿ ಮುಟ್ಟುವುದಿಲ್ಲ, ಮುಟ್ಟಿದರೂ ಬೀಳುವುದಿಲ್ಲ, ಬಹುಮಾನ ಹೋದರೆ ಹೋಗಲಿ, ಮೇಷ್ಟ್ರು ಮುಖ ತಿರುಗಿಸಿದರೆ ತಿರುಗಿಸಲಿ, ಅಕ್ಕ ಬಂದರೂ ಅದನ್ನು ನೋಡಬಾರದು, ಅಷ್ಟೇ, ಇದಕ್ಕಿಂತ ದೊಡ್ಡದೇನೂ ಅವಳಿಂದ ಆಗದು, ಇಷ್ಟಾದರೂ ಆಗಲಿ.

ಬಂದಳು. ಪಕ್ಕದ ಬಾಗಿಲು ಸರಿಯಿತು, ಹೊರಗಿನ ಬಿಸಿಲಿನ ಪಟ್ಟಿ ಒಳಬಿದ್ದು ಮುಚ್ಚಿಕೊಂಡಿತು, ಕಾರ್ಖಾನೆಯ ನೀಲಿ ಅಂಗಿಯನ್ನೂ ಬಿಚ್ಚದೆ ಅಕ್ಕ, ಬಗ್ಗಿ ಬಗ್ಗಿ, ಕಾಲು ತಾಗಿಸಿದವರಿಗೆಲ್ಲ ಕ್ಷಮೆ ಕೇಳುತ್ತಾ, ಮೂರನೇ ಸಾಲಿನಲ್ಲಿ ಖಾಲಿ ಕುರ್ಚಿ ಹಿಡಿದು ಕೂತಳು, ಅಪ್ಪನ ಹಿಂದೆ ಎರಡೇ ಸಾಲು, ಅಪ್ಪ ನೋಡಲಿಲ್ಲ, ಅವರು ಮುಂದೆ ನೋಡುತ್ತಿದ್ದಾರೆ, ಅಕ್ಕ ಚೀಲವನ್ನು ತೊಡೆಯ ಮೇಲಿಟ್ಟು ಕುತ್ತಿಗೆ ಉದ್ದ ಮಾಡಿ ಸಾಯುತ್ತಿರುವ ರಾಜನನ್ನು ನೋಡಿ ನಕ್ಕಳು, ನಿಜವಾಗಿ ನಕ್ಕಳು, ಎಷ್ಟು ದಿನವಾಗಿತ್ತು, ಈ ಕೋಟು ನೋಡಿದ ತಕ್ಷಣ ಆ ನಗು ಹೋಗುತ್ತದೆ, ಕೋಟು ಬಿಚ್ಚಿ ಓಡಿಹೋಗಲೇ, ಹಿಂಬಾಗಿಲಿದೆ — ಏನಮ್ಮಾ, ಗುಂಡಿ ನೋಡ್ಕೊಂಡ್ಯಾ, ಬೆನ್ನ ಹಿಂದೆ ಮೇಷ್ಟ್ರು, ಬೆರಳು ಆಗಲೇ ಮೂರನೇ ಗುಂಡಿಯ ಮೇಲೆ, ಮೆಲ್ಲಗೆ ಎಳೆದರು, ಮತ್ತೆ ಎಳೆದರು, ಮುಖ ಬಿಳಿಚಿತು, ಏನಿದು, ಕಟ್ಟಡಕ್ಕೆ ಕಬ್ಬಿಣ ಕಟ್ಟಿದ ಹಾಗೆ ಕಟ್ಟಿದೀಯಲ್ಲ, ಯಾರು ಹಾಕಿದ್ದು, ನಾನೇ ಸಾರ್, ನಿಂಗೇನಾದ್ರೂ ತಲೆ ಕೆಟ್ಟಿದೆಯಾ, ಆರು ತಿಂಗಳು ಗಿಣಿಗೆ ಹೇಳಿದ ಹಾಗೆ ಹೇಳಿದೀನಿ, ತಡಿ, ಯಾರ ಹತ್ರ ಬ್ಲೇಡ್ ಇದೆ ನೋಡ್ತೀನಿ, ಅಲ್ಲಾಡ್ಬೇಡ, ಇಲ್ಲೇ ಇರು. ಬೇಡ ಸಾರ್ ಎಂದಳು. ಏನು ಬೇಡ. ಇವತ್ತು ಗುಂಡಿ ಬೇಡ ಸಾರ್, ನಮ್ಮಕ್ಕ ಬಂದಿದಾಳೆ. ಮೇಷ್ಟ್ರ ಮುಖ ಅರಳಿತು, ಹೌದಾ, ಎಲ್ಲಿ, ಅಯ್ಯೋ, ಅವಳೆದುರೇ ಮಾಡ್ಬೇಕು ಕಣಮ್ಮಾ, ಅವಳಿಗೆ ಇದಕ್ಕಿಂತ ಮರ್ಯಾದೆ ಇನ್ನೇನಿದೆ, ಎಂದು ಕಣ್ಣು ತೇವ ಮಾಡಿಕೊಂಡು ಬ್ಲೇಡ್ ಹುಡುಕುತ್ತಾ ಬಣ್ಣದ ಕೋಣೆಗೆ ಓಡಿದರು, ಅಷ್ಟರಲ್ಲಿ ರಾಜ ಸತ್ತ, ನಿಜವಾಗಿಯೂ ಸತ್ತ, ಜನ ಕತ್ತು ಚಾಚಿ ಖಾತ್ರಿ ಮಾಡಿಕೊಂಡು ಆಮೇಲೆ ಚಪ್ಪಾಳೆ ತಟ್ಟಿದರು, ಮೈಕಿನಲ್ಲಿ ಅವಳ ಸಂಖ್ಯೆ ಕೂಗಿದರು, ಸಂಜೆ ಕಾಲೇಜು, ಗೇಟ್‌ಮನ್ನನ ಹೆಂಡತಿ.

ಬೆಳಕು. ಕಾಲು ತಾನೇ ನಡೆಯಿತು, ಹಲಗೆ ಇನ್ನೂ ರಾಜನ ಬೆವರಿನಿಂದ ಅಂಟುತ್ತಿದೆ, ನಮಸ್ಕಾರ, ಹಾಲ್ ಕತ್ತಲೆ ಅಂದುಕೊಂಡಿದ್ದರೆ ಕತ್ತಲೆಯಿಲ್ಲ, ಕಿಟಕಿಗಳ ಬಿಸಿಲಿಗೆ ಎಲ್ಲರ ಮುಖವೂ ಕಾಣುತ್ತದೆ, ಅಕ್ಕನ ಮುಖ ನೋಡಬಾರದು, ನೋಡಿದಳು, ನಗು ಹೋಗಿತ್ತು, ಅಕ್ಕ ಕೋಟನ್ನೇ ನೋಡುತ್ತಿದ್ದಳು, ಚೀಲದ ಹಿಡಿಯನ್ನು ಎರಡು ಕೈಯಲ್ಲೂ ಹಿಡಿದಿದ್ದಳು, ಹೊಸದು ಅಂದೆಯಲ್ಲೇ ಎಂದು ಆ ಮುಖ ಕೇಳಲಿಲ್ಲ, ಅಕ್ಕ ತಾಳು, ಸ್ವಲ್ಪ ತಾಳು, ನಾನು ನಿಲ್ಲಿಸೋದಿಲ್ಲ, ಆ ಜಾಗ ದಾಟಿಬಿಡ್ತೀನಿ — ಸ್ವಾಮೀ, ನನ್ನನ್ನ ಯಾಕೆ ಕರೆಸಿದ್ರಿ, ನಾನು ಓದಿದವಳಲ್ಲ, ಮೊದಲ ಮಾತು ಹೊರಬಿತ್ತು, ದನಿ ಚೆನ್ನಾಗಿದೆ, ಸಿಟ್ಟಿಗೆ ದನಿ ಚೆನ್ನಾಗುತ್ತದೆ ಎಂದು ಗೊತ್ತಿರಲಿಲ್ಲ, ಈ ಕೋಟು ನನ್ನ ಗಂಡಂದು, ಅವರಿಗೆ ಏಳೋಕಾಗಲ್ಲ, ಕೋಟು ನಿಂತಿದೆ ಅಂದ್ರೆ ಅವರೇ ನಿಂತ ಹಾಗೆ ಅಂದ್ಕೊಳ್ಳಿ, ಕೆಮ್ಮು, ಸೆರಗಲ್ಲಿ ಮೂಗು, ನಡುವಿನ ತೀರ್ಪುಗಾರರು ಕನ್ನಡಕ ತಳ್ಳಿಕೊಳ್ಳುವುದನ್ನು ಮರೆತು ನೋಡುತ್ತಿದ್ದಾರೆ, ಮಂಡಿಯೂರಿದಳು, ಎದ್ದಳು, ಅಪ್ಪನ ತುಟಿ ಅವಳ ಮಾತಿನ ಜೊತೆ ಆಡುತ್ತಿದೆ, ಅವರಿಗೂ ಬಾಯಿಪಾಠ, ಪಕ್ಕದವನ ತೋಳು ತಟ್ಟಿದರು, ಬಂತು, ಈಗ ಬಂತು, ತಲೆ ಒಂದು ಕಡೆ ವಾಲಿಸಿ ಕಣ್ಣು ಮುಚ್ಚಿಕೊಂಡರು, ಸದ್ದು ಕೇಳಲು, ಸಂಗೀತ ಕೇಳುವವರ ಹಾಗೆ, ಟಕ್ ಎನ್ನುವುದಕ್ಕೆ ಕಿವಿಯೊಡ್ಡಿ ಕೂತರು, ಗೇಟು ನಾನು ಹಾಕಿದ್ದೆ ಸ್ವಾಮೀ, ಎರಡು ಕೈಯಲ್ಲೂ ಹಾಕಿದ್ದೆ, ಹಾಕಿದ್ದು ನಾನು, ತೆಗೆದವರು ಯಾರು ಅಂತ ಕೇಳ್ತೀರಲ್ಲ, ಒಂದೇ ಉಸಿರು, ನಿಲ್ಲಿಸಬೇಡ, ತೆಗೆದವರು —

ಕೈ ಎದ್ದಿತು. ಅವಳು ಎತ್ತಲಿಲ್ಲ, ಅದೇ ಎದ್ದಿತು, ಆರು ತಿಂಗಳು ಎತ್ತಿ ಎತ್ತಿ ಪಳಗಿದ ದರಿದ್ರ ಕೈ, ಮಾತಿಗಿಂತ ಮುಂಚೆ ಓಡಿ ಮುಖದ ಮುಂದೆ ನಿಂತಿತು, ಅಂಗೈ ಒಳಗೆ, ಬೆರಳು ಕೂಡಿಸಿ, ಸುಂದರವಾಗಿ, ಮೇಷ್ಟ್ರು ತಿದ್ದಿದ ಹಾಗೆ, ಇಳಿ ಎಂದಳು ಒಳಗೇ, ಇಳಿ, ಇಳಿದರೆ ಗುಂಡಿಗೆ ಹೋಗುತ್ತದೆ, ಅದಕ್ಕೆ ಗೊತ್ತಿರುವುದು ಅಷ್ಟೇ, ಇಳಿಸಲಿಲ್ಲ, ಪಕ್ಕದ ಪರದೆಯಲ್ಲಿ ಮೇಷ್ಟ್ರ ಬೆರಳುಗಳು, ಒಂದು ಕೈಯಲ್ಲಿ ಬ್ಲೇಡ್, ಇನ್ನೊಂದರಲ್ಲಿ ಮೂರು, ನಾಲ್ಕು, ನಾಲ್ಕಾಯಿತು, ಎಣಿಕೆ ಮುಗಿಯಿತು, ಮೇಷ್ಟ್ರ ಬಾಯಿ ತೆರೆಯಿತು, ಮಾತು ಬಾಯಲ್ಲೇ ಇದೆ, ನನ್ನ ಗಂಡ, ಎರಡೇ ಪದ, ಹೇಳಬಹುದು, ಹೇಳಿದರೆ ಮುಗಿಯುತ್ತದೆ, ಮಾಡಿ ಬಂದುಬಿಡು, ಆದರೆ ಬೆರಳುಗಳ ಮೇಲಿನಿಂದ, ಅಪ್ಪನ ಬಾಚಿದ ತಲೆಯ ಮೇಲಿನಿಂದ, ಮೂರನೇ ಸಾಲು ಕಾಣುತ್ತಿದೆ, ಅಕ್ಕ, ಅಕ್ಕನ ಚೀಲ ನೆಲಕ್ಕೆ ಬಿದ್ದಿದೆ, ಅಕ್ಕನ ಕೈ — ಸಭೆ ಉಸಿರು ಬಿಗಿಹಿಡಿದಿದೆ, ಇದು ಕಲೆ ಅಂದುಕೊಂಡಿದ್ದಾರೆ, ಅಂದುಕೊಳ್ಳಲಿ, ಅವಳು ತನ್ನ ಅಂಗೈಯನ್ನು ಮೆಲ್ಲಗೆ ತಿರುಗಿಸಿದಳು, ಒಳಗಿನದು ಹೊರಗೆ, ಬೆರಳು ಬಿಡಿಸಿದಳು, ಒಂದೊಂದಾಗಿ, ತಾರಸಿಯಲ್ಲಿ ತೋರಿಸಿದ ಹಾಗೆ, ಮೇಷ್ಟ್ರು ತಪ್ಪೆಂದ ಹಾಗೆ, ಗುಂಡಿ ಬೀಳಲಿಲ್ಲ, ಟಕ್ ಅನ್ನಲಿಲ್ಲ, ಸದ್ದು ಬರದಿದ್ದಕ್ಕೆ ಅಪ್ಪನ ಹುಬ್ಬು ಗಂಟಿಕ್ಕಿತು, ಕಣ್ಣು ಬಿಟ್ಟರು, ಅವಳನ್ನು ನೋಡಿದರು, ಅಂಗೈ ನೋಡಿದರು, ಅವಳು ಅವರನ್ನು ನೋಡುತ್ತಿಲ್ಲ, ಅವರ ಹಿಂದೆ ನೋಡುತ್ತಿದ್ದಾಳೆ, ಬೆರಳ ಸಂದಿಯಿಂದ, ಒಂದೇ ಕಣ್ಣಲ್ಲಿ, ಇನ್ನೊಬ್ಬರ ಕಣ್ಣು ಏನನ್ನು ನೋಡುತ್ತದೋ ಅದನ್ನು ನೋಡುವುದು ಅವರ ಕಸುಬು, ನೋಡಿ ಅಪ್ಪ, ನೀವೇ ಹೇಳಿಕೊಟ್ಟಿದ್ದು, ನೋಡಿ, ಅಪ್ಪನ ಕುತ್ತಿಗೆ ತಿರುಗುತ್ತಿದೆ, ಇಸ್ತ್ರಿಯ ಕಾಲರಿನೊಳಗೆ ಮೆಲ್ಲಗೆ, ಪಕ್ಕದವನನ್ನು ದಾಟಿ, ಎರಡನೇ ಸಾಲನ್ನು ದಾಟಿ, ತಿರುಗಿತು, ನಿಂತಿತು, ಅಲ್ಲಿ ಅಕ್ಕನ ಕೈ, ನೀಲಿ ತೋಳಿನಿಂದ ಎದ್ದ ಕೈ, ಮುಖದ ಮುಂದೆ, ಅಂಗೈ ಹೊರಗೆ, ಅಂಗೈ ಹೊರಗೆ